ಕಾವಲುಗಾರನಿಂದ ಆರಂಭಿಸಿದ ಚರ್ಚೆ

ಸತ್ಯಜಿತ್ ರೇ ಅವರ 1970ರ ಬಂಗಾಳಿ ಚಿತ್ರ ‘ಅರಣ್ಯೇರ್ ದಿನ್ ರಾತ್ರಿ’ಯನ್ನು ಮಡಿಕೇರಿಯ ಸುತ್ತಲಿನ ಹೋಮ್‌ಸ್ಟೇ ಮಾಲೀಕರು, ಅಡುಗೆಯವರು, ಜೀಪು ಚಾಲಕರು ಮತ್ತು ಕಾಲೇಜು ವಿದ್ಯಾರ್ಥಿಗಳಿಗೆ ಒಟ್ಟಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಕಲ್ಕತ್ತಾದ ನಾಲ್ವರು ಯುವಕರು ಪಲಾಮುವಿನ ಕಾಡಿಗೆ ಬಂದು, ಅನುಮತಿಯಿಲ್ಲದಿದ್ದರೂ ಕಾವಲುಗಾರನಿಗೆ ಲಂಚ ಕೊಟ್ಟು ಅರಣ್ಯ ಬಂಗಲೆಯಲ್ಲಿ ತಂಗುವ ಈ ಕಥೆಯ ವ್ಯಂಗ್ಯ, ವಾರಾಂತ್ಯದ ಅತಿಥಿಗಳನ್ನು ನಿತ್ಯ ಕಾಣುವ ಕೊಡಗಿನವರಿಗೆ ವಿವರಣೆಯಿಲ್ಲದೆ ತಲುಪುತ್ತದೆಂದು ನಾನು ನಂಬಿದ್ದೆ.

ಮೂಲ ನೆಗೆಟಿವ್‌ನಿಂದ ಸಂರಕ್ಷಿಸಿ ಸಿದ್ಧಪಡಿಸಿ, 2025ರ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದ 4ಕೆ ಆವೃತ್ತಿಯನ್ನು ಅನುಮತಿ ಪಡೆದು ತರಿಸಿದೆ. ಕಪ್ಪು-ಬಿಳುಪಿನ ಛಾಯೆಗಳು ಮಸುಕಾಗದಂತೆ ಸಭಾಂಗಣದ ಕಿಟಕಿಗಳಿಗೆಲ್ಲ ದಪ್ಪ ಬಟ್ಟೆ ಕಟ್ಟಿಸಿದೆ. ಕನ್ನಡ ಅಡಿಬರಹವನ್ನು ನಾನೇ ಬರೆದೆ. ನಿಧಾನವಾಗಿ ಓದುವವರೂ ಇರುತ್ತಾರೆಂದು ಮಾತುಗಳನ್ನು ಮೊಟಕುಗೊಳಿಸಿದೆ.

ಈ ಚಿತ್ರದ ಚರ್ಚೆ ಸಾಮಾನ್ಯವಾಗಿ ಪ್ರಸಿದ್ಧವಾದ ನೆನಪಿನ ಆಟದ ದೃಶ್ಯದಿಂದ ಹೊರಡುತ್ತದೆ; ಅದರಲ್ಲಿ ಪ್ರತಿಯೊಬ್ಬರೂ ಹಿಂದಿನವರು ಹೇಳಿದ ಪ್ರಸಿದ್ಧರ ಹೆಸರುಗಳನ್ನೆಲ್ಲ ಕ್ರಮವಾಗಿ ಹೇಳಿ, ಹೊಸದೊಂದನ್ನು ಸೇರಿಸಬೇಕು. ನಾನು ಬೇಕೆಂದೇ ಕಾವಲುಗಾರನಿಂದ ಆರಂಭಿಸಿದೆ. ಅವನ ಹೆಂಡತಿ ಕಾಯಿಲೆ ಬಿದ್ದಿರುತ್ತಾಳೆ. ಅವನಿಂದ ಎಲ್ಲ ಸೇವೆ ಪಡೆಯುವ ಯುವಕರಲ್ಲಿ ಯಾರೂ ಅತ್ತ ನೋಡಿರುವುದಿಲ್ಲ, ಕೊನೆಗೆ ಅಲ್ಲೇ ಹತ್ತಿರ ತಂಗಿರುವ ಕಲ್ಕತ್ತಾದ ಯುವತಿ ಅಪರ್ಣಾಳೇ ನಾಲ್ವರಲ್ಲೊಬ್ಬನಾದ ಅಸೀಮನಿಗೆ ಅದನ್ನು ಕಾಣಿಸಬೇಕಾಗುತ್ತದೆ. ಅಡುಗೆ ಮಾಡುವ ಒಬ್ಬ ಅಕ್ಕ ತಕ್ಷಣ ಹೇಳಿದರು: “ಬಿಸಿನೀರು ತಡ ಆದ್ರೆ ಕೇಳ್ತಾರೆ ಸಾರ್, ಯಾಕೆ ತಡ ಆಯ್ತು ಅಂತ ಕೇಳಲ್ಲ.” ಅಲ್ಲಿಂದ ಮುಂದೆ ಮಾಲೀಕರೂ ಕೆಲಸದವರೂ ಪರಸ್ಪರ ಮಾತನಾಡತೊಡಗಿದರು, ನಾನು ಸುಮ್ಮನಾದೆ. ಪರ್ಸ್ ಕಾಣೆಯಾದಾಗ ಯುವಕರಲ್ಲೊಬ್ಬನಾದ ಹರಿಯು ಸರಿಯಾಗಿ ಹುಡುಕದೆ, ಅವರ ಕೆಲಸ ಮಾಡಿಕೊಡುವ ಸ್ಥಳೀಯ ಲಖಾನನ್ನು ಕಳ್ಳನೆಂದು ಹೊಡೆಯುವ ದೃಶ್ಯದ ಬಗ್ಗೆ ಚಾಲಕರು ದೀರ್ಘವಾಗಿ ಮಾತನಾಡಿದರು.

ಆಮೇಲೆ ನೆನಪಿನ ಆಟಕ್ಕೆ ಬಂದೆವು. ಎಲ್ಲ ಹೆಸರುಗಳೂ ನೆನಪಿದ್ದರೂ ಅಪರ್ಣಾ ಅಸೀಮನಿಗೆ ಗೆಲುವು ಬಿಟ್ಟುಕೊಡುತ್ತಾಳೆಂಬುದನ್ನು ವಿದ್ಯಾರ್ಥಿನಿಯರು ಕೂಡಲೇ ಗುರುತಿಸಿದ್ದರು. ಹುಡುಗರಲ್ಲಿ ಹಲವರು ಅಸೀಮ ನಿಜವಾಗಿಯೇ ಗೆದ್ದನೆಂದು ತಿಳಿದಿದ್ದರು. ಗಂಡಿನ ಅಹಂಕಾರವನ್ನು ರೇ ಇಷ್ಟು ಮೃದುವಾಗಿ, ಇಷ್ಟು ನಿಖರವಾಗಿ ತೋರಿಸಿದ ದೃಶ್ಯ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಬುಡಕಟ್ಟು ಯುವತಿ ದುಲಿಯ ಪಾತ್ರಕ್ಕೆ ಸಿಮಿ ಗರೆವಾಲ್ ಅವರ ಮೈಬಣ್ಣವನ್ನು ಕಪ್ಪಾಗಿಸಿದ್ದು ಸರಿಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಗರದ ಗಂಡಸಿನ ದೃಷ್ಟಿಯನ್ನು ಟೀಕಿಸುವ ಚಿತ್ರ ಈ ಒಂದು ಆಯ್ಕೆಯಲ್ಲಿ ತಾನೂ ನಗರದವರ ಕಡೆಗೇ ನಿಂತಿದೆಯೆಂಬ ಅವಳ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕಾಫಿ ಕೊಯ್ಲು ಮುಗಿದ ಬಳಿಕ ವಿರಾಜಪೇಟೆಯಲ್ಲಿ, ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರಿಗೆ ಅನುಕೂಲವಾಗುವಂತೆ ಭಾನುವಾರ ಏರ್ಪಡಿಸಿರುವ ಪ್ರದರ್ಶನದಲ್ಲಿ ಚರ್ಚೆಯನ್ನು ಆ ಪ್ರಶ್ನೆಯಿಂದಲೇ ತೆರೆಯಲಿದ್ದೇನೆ.