ವೋಚರ್, ಕ್ಯಾಬ್, ಕೂಸು: ಆಪರೇಷನ್ಸ್ ಕುರ್ಚಿಯಲ್ಲಿ ಕೂತವಳ ಅನುಭವ

ಲಿಂಗ ಸಮಾನತೆಗಾಗಿ ಕೆಲಸ ಮಾಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ದೆಹಲಿ ಕಚೇರಿಯಲ್ಲಿ ನಾನು ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಮುಖ್ಯ ಕಚೇರಿ ಯುರೋಪಿನಲ್ಲಿದೆ. ಕೆಲಸ ನಡೆಯುವುದು ರಾಯಚೂರು ಕಡೆ, ಜಾರ್ಖಂಡ್, ರಾಜಸ್ಥಾನದ ಹಳ್ಳಿಗಳಲ್ಲಿ. ತರಬೇತಿ, ಅಧ್ಯಯನ, ಸರ್ಕಾರದ ಜೊತೆ ಮಾತುಕತೆ ಎಲ್ಲ ಕಾರ್ಯಕ್ರಮ ವಿಭಾಗದವರದ್ದು. ನನ್ನ ಪಾಲಿಗೆ ಬಾಡಿಗೆ ಕರಾರು, ನೇಮಕಾತಿ, ಖರೀದಿ, ಕ್ಯಾಬ್, ವೋಚರ್, ಆಡಿಟ್. ಗ್ರೂಪ್ ಫೋಟೊದಲ್ಲಿ ನಾವು ಇರುವುದಿಲ್ಲ ಬಿಡಿ. ಆದರೆ ಸಭೆಗೆ ಯಾರು ಬರಬಹುದು, ಯಾರಿಗೆ ಆಗುವುದಿಲ್ಲ ಅನ್ನೋದು ಎಷ್ಟೋ ಸಲ ನನ್ನ ಎಕ್ಸೆಲ್ ಶೀಟಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ದುಡ್ಡು ಬರುವ ದಾರಿ ಹೇಳುತ್ತೇನೆ. ವಿಶ್ವಸಂಸ್ಥೆಯ ದುಡ್ಡನ್ನು ನಮ್ಮ ಕಾನೂನು ವಿದೇಶಿ ಮೂಲ ಅಂತ ಎಣಿಸುವುದಿಲ್ಲ, ಹಾಗಾಗಿ ಯುಎನ್ ಕಚೇರಿಗಳ ಲೆಕ್ಕವೇ ಬೇರೆ. ನಾವು ಇಲ್ಲಿ ಭಾರತದ ಸಂಸ್ಥೆಯಾಗಿಯೇ ನೋಂದಣಿ ಆಗಿದ್ದೇವೆ. ನಮ್ಮದು ಸೆಕ್ಷನ್ 8 ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ, ಸೇವೆಗಾಗಿ ಇರುವ ಕಂಪನಿ. ಹೊರದೇಶದಿಂದ ಬರುವ ಒಂದೊಂದು ರೂಪಾಯಿಗೂ 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಗೆ 2020ರ ಸೆಪ್ಟೆಂಬರ್ ಕೊನೆಯಲ್ಲಿ ತಿದ್ದುಪಡಿ ಬಂತು. ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು ಎಂದಾಯಿತು. ಇದೇನೂ ಕಷ್ಟವಲ್ಲ, ಒಂದು ಖಾತೆ ಹೆಚ್ಚಾಯಿತು ಅಷ್ಟೇ. ಪೆಟ್ಟು ಬಿದ್ದಿದ್ದು ಬೇರೆ ಎರಡು ಕಡೆ.

ಒಂದು, ಬಂದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಅನುದಾನವಾಗಿ ದಾಟಿಸುವಂತಿಲ್ಲ. ನಮ್ಮ ಕೆಲಸದ ಮುಕ್ಕಾಲು ಭಾಗ ನಿಂತಿದ್ದೇ ಅದರ ಮೇಲೆ. ಊರಿನ ಸಣ್ಣ ಮಹಿಳಾ ಸಂಸ್ಥೆಗಳಿಗೆ ಕಂತಿನಲ್ಲಿ ದುಡ್ಡು ಹೋಗುತ್ತಿತ್ತು, ಅವರು ಕೆಲಸ ಮಾಡಿ ಲೆಕ್ಕ ಕೊಡುತ್ತಿದ್ದರು. ಬಾಕಿ ಕಂತುಗಳನ್ನೆಲ್ಲ ತಡೆಹಿಡಿದು, ಪ್ರತಿ ಸಂಸ್ಥೆಗೂ ನಾನೇ ಫೋನ್ ಮಾಡಿ ಹೇಳಿದೆ. ಇಂಥ ಸುದ್ದಿಯನ್ನು ಇಮೇಲ್‌ನಲ್ಲಿ ಕಳಿಸಬಾರದು ಅನ್ನೋದು ನನ್ನ ಹಟ. ಆಮೇಲೆ ಕೂತು ವಿಂಗಡಿಸಿದೆವು. ಸ್ವಂತ ಎಫ್‌ಸಿಆರ್‌ಎ ನೋಂದಣಿ ಇದ್ದವರನ್ನು ದಾನಿಗಳ ಜೊತೆ ನೇರವಾಗಿ ಮಾತಿಗೆ ಕೂರಿಸಿದೆವು. ಉಳಿದ ಕಡೆ ಕ್ಷೇತ್ರದ ಕಾರ್ಯಕರ್ತೆಯರನ್ನು ನಮ್ಮದೇ ಸಂಬಳದ ಪಟ್ಟಿಗೆ ತಂದೆವು. ಅವರಿಗೆ ಪಿಎಫ್, ಆರೋಗ್ಯ ವಿಮೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಎಷ್ಟೋ ವರ್ಷ ಸ್ವಂತ ಸಂಘ ನಡೆಸಿದ ಹಿರಿಯಕ್ಕನಿಗೆ ನಮ್ಮ ಲೆಟರ್‌ಹೆಡ್ಡಿನ ನೇಮಕಾತಿ ಪತ್ರ ಕೊಡುವಾಗ ಮುಜುಗರವಾಗುತ್ತದೆ. ಅವರ ಹುದ್ದೆಯ ಹೆಸರನ್ನು ಅವರೇ ಬರೆದುಕೊಡಲಿ ಎಂದು ಬಿಟ್ಟೆ. ಮುಖ್ಯ ಕಚೇರಿಯ ಹುದ್ದೆಗಳ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ. ಈಗ ಇದೆ.

ಎರಡನೆಯದು ಆಡಳಿತ ವೆಚ್ಚದ ಮಿತಿ. 50 ಪರ್ಸೆಂಟ್ ಇದ್ದದ್ದು 20ಕ್ಕೆ ಇಳಿಯಿತು. ಕಚೇರಿ ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಸಂಬಳ, ವಕೀಲರ ಫೀಸು, ವಾಹನದ ಖರ್ಚು, ಸ್ಟೇಷನರಿ ಎಲ್ಲ ಇದರೊಳಗೇ. ವರದಿ ಬರೆದು ಸಲ್ಲಿಸುವ ಖರ್ಚೂ ಆಡಳಿತ ವೆಚ್ಚವೇ! ಆ ಕಡೆ ದಾನಿಗಳೋ, ಒಬ್ಬೊಬ್ಬರೂ ತಮ್ಮದೇ ನಮೂನೆಯಲ್ಲಿ ವರದಿ ಬೇಕು ಅನ್ನುತ್ತಾರೆ. ಹಾಗಾಗಿ ನಾನು ಒಂದೇ ನಮೂನೆ ಮಾಡಿ, ಕಾನೂನಿನ ಪ್ರತಿಯ ಜೊತೆ ಎಲ್ಲರಿಗೂ ಕಳಿಸಿದೆ. ಹೆಚ್ಚಿನವರು ಒಪ್ಪಿದರು. ಕಚೇರಿಯನ್ನೂ ಸಣ್ಣ ಜಾಗಕ್ಕೆ ಬದಲಾಯಿಸಿದೆವು. ಕ್ಷೇತ್ರದಲ್ಲಿ ತರಬೇತಿ ಕೊಡುವವರ ಸಂಬಳ ಯಾವ ತಲೆಬರಹದಡಿ ಬರುತ್ತದೆ ಅನ್ನೋದನ್ನು ಬಜೆಟ್ ಸಹಿ ಆಗುವ ಮೊದಲೇ ಆಡಿಟರ್ ಜೊತೆ ಕೂತು ತೀರ್ಮಾನ ಮಾಡಿಕೊಳ್ಳುತ್ತೇನೆ. ಆಮೇಲೆ ಹೋದರೆ ಅವರು ಕೈ ಎತ್ತುತ್ತಾರೆ.

ಇನ್ನು ಬಜೆಟ್ಟಿನ ಸಣ್ಣ ಸಾಲುಗಳಿಗೆ ಬರುತ್ತೇನೆ. ನನಗೆ ಈ ಕೆಲಸದಲ್ಲಿ ಜಾಸ್ತಿ ಇಷ್ಟವಾಗುವುದು ಇವೇ.

ರಾಯಚೂರಿನ ಒಬ್ಬ ಕಾರ್ಯಕರ್ತೆಯನ್ನು ಬೆಂಗಳೂರಿನ ತರಬೇತಿಗೆ ಕರೆದಾಗ ಅವರು ಕೇಳಿದ್ದು ಒಂದೇ: "ಬರ್ತೀನ್ರೀ ಮೇಡಂ, ಆದ್ರ ಕೂಸಿನ್ನ ಯಾರ ಕಡೆ ಬಿಡ್ಲಿ?" ನಮ್ಮ ಪ್ರಯಾಣ ನಿಯಮದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಸಮಾನತೆಯ ಬಗ್ಗೆ ಪುಟಗಟ್ಟಲೆ ಬರೆದ ಸಂಸ್ಥೆಯ ಪ್ರಯಾಣ ನಿಯಮವನ್ನು ಮನೆಯಲ್ಲಿ ಬೇರೆ ಯಾರೋ ಮಗು ನೋಡಿಕೊಳ್ಳುವ ಅಧಿಕಾರಿ ಬರೆದಂತಿತ್ತು. ಒಂದು ಸಾಲು ಸೇರಿಸಿದೆ: ಸಣ್ಣ ಮಗು ಇದ್ದರೆ ಮಗು, ಜೊತೆಗೆ ಅದನ್ನು ನೋಡಿಕೊಳ್ಳುವ ಒಬ್ಬರು, ಇಬ್ಬರ ಪ್ರಯಾಣ, ಊಟ, ವಸತಿ ಕಚೇರಿಯದ್ದು. ನೋಡಿಕೊಳ್ಳುವವರು ಹೆಂಗಸೇ ಆಗಿರಬೇಕಾ ಎಂದು ಮುಖ್ಯ ಕಚೇರಿಯ ಫೈನಾನ್ಸ್‌ನವರು ಕೇಳಿದರು. ತಾಯಿ ಯಾರನ್ನು ಕರೆತರುತ್ತಾಳೋ ಅವರು ಎಂದು ಬರೆದೆ. ಹೆಚ್ಚಾಗಿ ಅತ್ತೆಯರು ಬರುತ್ತಾರೆ. ಕೆಲವು ಗಂಡಂದಿರೂ ಬಂದು ತೊಟ್ಟಿಲು ತೂಗಿದ್ದಾರೆ. ಇಲ್ಲೊಂದು ಕಿವಿಮಾತು: ಈ ಖರ್ಚನ್ನು ದಾನಿಗಳಿಗೆ ಕಳಿಸುವ ಮೊದಲ ಬಜೆಟ್ಟಿನಲ್ಲೇ ತರಬೇತಿ ಖರ್ಚಿನ ಭಾಗವಾಗಿ ಹಾಕಿ. ನಡುವೆ ಸೇರಿಸಲು ಹೋದರೆ ಮುಗಿಯದ ಪತ್ರವ್ಯವಹಾರ.

ಪ್ರಯಾಣದ ಮುಂಗಡವೂ ಅಷ್ಟೇ. ಮೊದಲು ಖರ್ಚು ಮಾಡಿ, ಬಿಲ್ ಕೊಟ್ಟು, ಆಮೇಲೆ ವಾಪಸ್ ತಗೊಳ್ಳಿ ಅನ್ನೋದು ಕ್ರೆಡಿಟ್ ಕಾರ್ಡ್ ಇರುವವರಿಗೆ ಸರಿ. ಹಳ್ಳಿಯ ಕಾರ್ಯಕರ್ತೆ ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚಿ ನಮ್ಮ ತರಬೇತಿಗೆ ಬರಬೇಕಾ? ಈಗ ಹೊರಡುವ ಮೊದಲೇ ದುಡ್ಡು ಹೋಗುತ್ತದೆ.

ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನೋದು ಇನ್ನೊಂದು ಕಥೆ. ಎಲ್ಲರಿಗೂ ಬ್ಯಾಂಕ್ ಖಾತೆಗೇ ಹಾಕಿ, ನಗದು ಬೇಡ ಎಂದು ಆಡಿಟರ್ ಹೇಳುತ್ತಾರೆ. ಕಾಗದದ ಮೇಲೆ ಅದು ಅಚ್ಚುಕಟ್ಟು. ಖಾತೆ ಅವಳ ಹೆಸರಲ್ಲಿರುತ್ತದೆ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಮಗನದ್ದೋ ಗಂಡನದ್ದೋ ಆಗಿರುತ್ತದೆ. ಮೆಸೇಜು ಅಲ್ಲಿಗೆ ಹೋಗುತ್ತದೆ, ಒಟಿಪಿ ಅಲ್ಲಿಗೆ ಹೋಗುತ್ತದೆ, ದುಡ್ಡೂ ಹೆಚ್ಚುಕಡಿಮೆ ಅಲ್ಲಿಗೇ. ಅದಕ್ಕೇ ನಮ್ಮ ನೋಂದಣಿ ಫಾರಂನಲ್ಲಿ ಎರಡು ಪ್ರಶ್ನೆ ಹಾಕಿದ್ದೇವೆ: ಈ ನಂಬರಿನ ಫೋನ್ ಯಾರ ಹತ್ತಿರ ಇರುತ್ತದೆ? ದಿನಭತ್ಯೆ ಖಾತೆಗೆ ಹಾಕಬೇಕಾ, ಕೈಗೆ ಬೇಕಾ? ಇದನ್ನು ಎಲ್ಲರೆದುರು ಕೇಳುವುದಿಲ್ಲ, ಒಬ್ಬೊಬ್ಬರನ್ನೇ ಕರೆದು ಕೇಳುತ್ತೇವೆ. ಕೈಗೆ ಬೇಕು ಅಂದವರಿಗೆ ಪಾವತಿ ಪಟ್ಟಿಯಲ್ಲಿ ಸಹಿ ಇಲ್ಲವೇ ಹೆಬ್ಬೆಟ್ಟು ತಗೊಂಡು, ಸಾಕ್ಷಿ ಹಾಕಿಸಿ ಕೊಡುತ್ತೇವೆ. 5,000 ರೂಪಾಯಿ ದಾಟಿದ ರಸೀದಿಗೆ ಮಾತ್ರ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ನಮ್ಮ ದಿನಭತ್ಯೆ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಸ್ಟಾಂಪು ಎಲ್ಲಿ ಎಂದು ಕೇಳುವವರು ಸಿಗುತ್ತಲೇ ಇರುತ್ತಾರೆ.

ಖರೀದಿಗೆ ಮೊದಲು ಮೂರು ಕಡೆಯಿಂದ ದರ ಬರೆಸಿ ತರಿಸುವ ಮೂರು ಕೊಟೇಶನ್ ನಿಯಮ ಹೆಚ್ಚಿನ ಸಂಸ್ಥೆಗಳಲ್ಲಿ ಇದೆ. ತರಬೇತಿಯ ಊಟಕ್ಕೆ ಸ್ವಸಹಾಯ ಸಂಘದ ಹೆಂಗಸರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮಾಡಿಕೊಡುತ್ತಾರೆ. ಅವರಿಗೆ ಲೆಟರ್‌ಹೆಡ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಂಘಕ್ಕೆ ಆ ನಂಬರ್ ಕಡ್ಡಾಯವೂ ಅಲ್ಲ ಎಂದು ಮುಖ್ಯ ಕಚೇರಿಗೆ ಟಿಪ್ಪಣಿ ಬರೆದೆ. ನಾವು ಕಟ್ಟುವ ಜಿಎಸ್‌ಟಿ ನಮಗೆ ವಾಪಸ್ ಸಿಗುವುದಿಲ್ಲ, ಹಾಗಾಗಿ ಈ ಬಿಲ್ಲೇ ಅಗ್ಗ ಎಂದೂ ಸೇರಿಸಿದೆ. ಎರಡನೇ ವಾಕ್ಯ ಕೆಲಸ ಮಾಡಿತು! ಈಗ ವರ್ಷಕ್ಕೊಮ್ಮೆ ತಾಲ್ಲೂಕಿನ ಸಂಘಗಳಿಂದ ದರ ತರಿಸಿ, ಅದನ್ನೇ ವರ್ಷಪೂರ್ತಿ ಇಟ್ಟುಕೊಳ್ಳುತ್ತೇವೆ.

ಕ್ಯಾಬ್ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕಚೇರಿ ಕೊಟ್ಟ ವಾಹನವೂ ಕೆಲಸದ ಸ್ಥಳವೇ. ಇಂಥ ದೂರು ಕೇಳುವ ಆಂತರಿಕ ಸಮಿತಿಯ ಫಲಕ ದೆಹಲಿ ಕಚೇರಿಯ ಗೋಡೆಯ ಮೇಲಿದ್ದರೆ ಲಿಂಗಸುಗೂರಿನ ರಸ್ತೆಯಲ್ಲಿರುವವಳಿಗೆ ಏನು ಉಪಯೋಗ? ಸಮಿತಿಯ ಫೋನ್ ನಂಬರನ್ನು ಕನ್ನಡ, ಹಿಂದಿಯಲ್ಲಿ ಕಾರಿನ ಸೀಟಿನ ಹಿಂದೆ ಅಂಟಿಸುವುದನ್ನು ಕ್ಯಾಬ್ ಕರಾರಿನಲ್ಲೇ ಸೇರಿಸಿದೆ. ಅದೇ ಕರಾರಿನಲ್ಲಿ ಇನ್ನೊಂದು ಷರತ್ತೂ ಇದೆ. ರಾತ್ರಿ ಉಳಿಯಬೇಕಾದರೆ ಡ್ರೈವರಿಗೆ ರೂಮು, ಊಟ ಕೊಡಲೇಬೇಕು. ಒಳಗೆ ಸಮಾನತೆಯ ಕಾರ್ಯಾಗಾರ, ಹೊರಗೆ ಡ್ರೈವರಣ್ಣ ಸೀಟು ಮಡಚಿಕೊಂಡು ಸೊಳ್ಳೆ ಹೊಡೆಯುತ್ತಾ ಮಲಗಿರುವುದನ್ನು ನಾನು ದೊಡ್ಡ ದೊಡ್ಡ ಹೋಟೆಲುಗಳ ಪಾರ್ಕಿಂಗಿನಲ್ಲಿ ನೋಡಿದ್ದೇನೆ.

ವರ್ಷದ ಲೆಕ್ಕ ಮುಗಿಸುವುದು ಎರಡು ಸಲ. ಮುಖ್ಯ ಕಚೇರಿಗೆ ಜನವರಿಯಿಂದ ಡಿಸೆಂಬರ್, ನಮಗೆ ಏಪ್ರಿಲ್‌ನಿಂದ ಮಾರ್ಚ್. ವಿದೇಶಿ ದುಡ್ಡಿನ ಲೆಕ್ಕವಾದ ಎಫ್‌ಸಿ-4 ವಾರ್ಷಿಕ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲು ಕೊನೆಯ ದಿನ ಡಿಸೆಂಬರ್ 31. ಅಂದರೆ ಎರಡೂ ಒಂದೇ ವಾರ ಬಂದು ಕುತ್ತಿಗೆ ಹಿಡಿಯುತ್ತವೆ. ನಾನು ಎಫ್‌ಸಿ-4 ಅನ್ನು ದಸರಾ ಹೊತ್ತಿಗೇ ತಯಾರು ಮಾಡಿಸುತ್ತೇನೆ.

ಆಡಿಟ್‌ನಲ್ಲಿ ಈಚೆಗೆ ಹೊಸದೊಂದು ಪ್ರಶ್ನೆ ಎದ್ದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ನಮ್ಮ ಕಾರ್ಯಕರ್ತೆಯರು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಾರೆ. ಅವರ ಪ್ರಯಾಣದ ಬಿಲ್ಲಿಗೆ ಶೂನ್ಯ ಟಿಕೆಟ್ ಅಂಟಿರುತ್ತದೆ. ದುಡ್ಡೇ ಇಲ್ಲದ ಟಿಕೆಟ್ ಯಾಕೆ ಸೇರಿಸಿದ್ದೀರಿ ಎಂದು ಆಡಿಟರ್ ಕೇಳಿದರು. ಬಸ್ಸು ಇಳಿದ ಮೇಲೆ ಹಳ್ಳಿಗೆ ಆಟೋ ಹಿಡಿದಿದ್ದಾರಲ್ಲ, ಆಟೋದವರು ರಸೀದಿ ಕೊಡುವುದಿಲ್ಲ, ಆ ದಿನ ಆ ಊರಿಗೆ ಹೋಗಿದ್ದಕ್ಕೆ ಇದೇ ಪುರಾವೆ ಎಂದೆ. ಒಪ್ಪಿದರು. ತೊಂದರೆ ಏನಂದರೆ ಆ ಟಿಕೆಟ್ಟಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಆಡಿಟರ್ ಬರುವ ಹೊತ್ತಿಗೆ ಬರೀ ಬಿಳಿ ಚೀಟಿ. ಹಾಗಾಗಿ ಬಿಲ್ ಬಂದ ವಾರವೇ ಎಲ್ಲದರ ಜೆರಾಕ್ಸ್ ಮಾಡಿಸಿಡಿ. ಆ ಜೆರಾಕ್ಸಿನ ಖರ್ಚು ಮತ್ತೆ ಆಡಳಿತ ವೆಚ್ಚಕ್ಕೇ ಹೋಗುತ್ತದೆ, ಏನೂ ಮಾಡೋಕಾಗಲ್ಲ.