ಗಡಿಯಾರ ಬರೆದವರು ನಮ್ಮ ಅಂಕೋಲೆಯವರು

ಮೊದಲ ವರ್ಷ ದಿನಕರ ದೇಸಾಯಿಯವರ ಪಾಠವನ್ನು ಕವಿಪರಿಚಯದಿಂದ ಶುರು ಮಾಡಿದ್ದೆ. ಜನನ 1909, ನಿಧನ 1982, ಅಂಕೋಲಾ ತಾಲೂಕು, ಚುಟುಕು ಬ್ರಹ್ಮ. ಒಂಬತ್ತನೆಯ ತರಗತಿಯವರು ಬರೆದುಕೊಂಡರು, ಪರೀಕ್ಷೆಯಲ್ಲಿ ಇಳಿಸಿದರು, ಮರೆತರು. ಅದೂ ಅಂಕೋಲೆಯ ಮಗ್ಗುಲಿನ ಶಾಲೆಯಲ್ಲಿ!

ಮರುವರ್ಷ ನೋಟ್ಸು ಬದಿಗಿಟ್ಟು, ಒಳಗೆ ಹೋದವನೇ ‘ಗಂಟೆಯ ನೆಂಟನೆ ಓ ಗಡಿಯಾರ’ ಎಂದೆ. ಮುಂದಿನದನ್ನು ಅವರೇ ಹಾಡಿಬಿಟ್ಟರು. ಅಂಗನವಾಡಿಯಿಂದಲೂ ಬಾಯಲ್ಲಿದ್ದ ಪದ್ಯ. ಬರೆದವರು ಯಾರೆಂದರೆ ಮಾತ್ರ ಎಲ್ಲ ಗಪ್‌ಚಿಪ್. ನಮ್ಮ ಅಂಕೋಲೆಯವರೇ ಎಂದಾಗ ಹಿಂದಿನ ಬೆಂಚು ನೆಟ್ಟಗಾಯಿತು.

ಆಮೇಲೆ ‘ನನ್ನ ದೇಹದ ಬೂದಿ’. ತನ್ನ ಬೂದಿ ಭತ್ತ ಬೆಳೆಯುವಲ್ಲಿ ಬೀಳಲಿ ಎಂದು ಕವಿ ಯಾಕೆ ಕೇಳಿಕೊಂಡರು? ನಾನು ವಿವರಿಸಲಿಲ್ಲ. ಗೇಣಿ ಅಂದರೇನು, ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದೆ. ಮರುದಿನ ಒಬ್ಬಳು ಎದ್ದು ನಿಂತಳು: “ಅಜ್ಜಿ ಹೇಳ್ತು ಸರ್, ಕಣದಲ್ಲೇ ಭತ್ತ ಅಳೆದು ಒಡೇರ ಮನೆಗೆ ಹೊತ್ತು ಹಾಕ್ಬೇಕಾಗಿತ್ತಂತೆ. ಉಳಿದದ್ರಲ್ಲೇ ಮಳೆಗಾಲ ಕಳೀಬೇಕು.” ಕ್ಲಾಸು ಸುಮ್ಮನಾಯಿತು. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ಈ ಕವಿಯನ್ನು ಜಿಲ್ಲೆಯಿಂದ ಗಡಿಪಾರು ಮಾಡಿದ್ದನ್ನು ಆಗ ಹೇಳಿದೆ. 1953ರ ಕೆನರಾ ವೆಲ್‌ಫೇರ್ ಟ್ರಸ್ಟು, ಅದು ಕಟ್ಟಿದ ಶಾಲೆಗಳು, ‘ಜನಸೇವಕ’ ಪತ್ರಿಕೆ ಎಲ್ಲ ಅದರ ಬೆನ್ನಿಗೇ ಬಂದವು. 1967ರಲ್ಲಿ ಲೋಕಸಭೆಗೆ ಹೋದದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ, ಮಕ್ಕಳಿಗೂ ಅಷ್ಟು ಸಾಕಿತ್ತು.

ಚುಟುಕಿನಲ್ಲಿ ಮತ್ತೆ ಎಡವಿದೆ. ಬೋರ್ಡಿನ ಮೇಲೆ ಲಘು, ಗುರು, ಮಾತ್ರೆ ಎಂದು ಗೀಟು ಎಳೆಯುತ್ತ ಹೋದಂತೆ ಮುಖಗಳು ಬಾಡಿದವು. (ಛಂದಸ್ಸು ಬೇಡವೆಂದಲ್ಲ, ಅದು ಮೊದಲು ಬರಬಾರದು.) ಅಳಿಸಿ, ಚಪ್ಪಾಳೆಯ ಲಯಕ್ಕೆ ಓದಿಸಿದೆ. ಸಾಲು ನಾಲ್ಕೇ, ಎರಡೆರಡಕ್ಕೆ ಪ್ರಾಸ. ಬೇಲೆಯಲ್ಲಿ, ಅಂದರೆ ಕಡಲ ದಂಡೆಯಲ್ಲಿ, ಬೆಳೆದ ಮಕ್ಕಳಿಗೆ ಉಳಿದದ್ದನ್ನು ಹೇಳುವುದು ಸುಲಭ: ಮೂರು ಸಾಲು ಗಾಳ ಬಿಡಿ, ನಾಲ್ಕನೆಯದರಲ್ಲಿ ಎಳೆಯಿರಿ. ದೇಶ, ತಾಯಿ, ಪರಿಸರ ಎಂದು ಬರೆಯಕೂಡದು, ನಿನ್ನೆ ಸಿಟ್ಟು ಬಂದದ್ದರ ಬಗ್ಗೆ ಬರೆಯಿರಿ ಎಂದೆ. ಹೆಚ್ಚಿನವು ಸಪ್ಪೆಯೇ. ಒಂದು ಮಾತ್ರ ಹೀಗಿತ್ತು:

ಎಂಟರ ಬಸ್ಸು ಬಂದಿತು ಒಂಬತ್ತಕ್ಕೆ,
ಸರ್ ಹೇಳಿದರು, ನಿಲ್ಲು ಕ್ಲಾಸಿನ ಹೊರಕ್ಕೆ;
ತಪ್ಪು ಬಸ್ಸಿನದು, ಶಿಕ್ಷೆ ಮಾತ್ರ ನನಗೆ,
ಅದು ಹೋಯಿತು ಹಾಯಾಗಿ ಕಾರವಾರದ ಕಡೆಗೆ!

ಓದಿದವ ನನ್ನ ಮುಖ ನೋಡದೆ ಕುಳಿತ. ಹಿಂದಿನ ದಿನ ಅವನನ್ನು ಹೊರಗೆ ನಿಲ್ಲಿಸಿದವ ನಾನೇ.