ದಾರ ಹಿಡಿದು ಅಳೆದ ಬೆಂಗಳೂರು–ಟೋಕಿಯೊ

ಹೋಗುವುದಕ್ಕೆ ಹಿಡಿದಷ್ಟೇ ಹೊತ್ತು ಬರುವುದಕ್ಕೂ ಹಿಡಿಯುತ್ತದೆ ಎಂದು ನಂಬಿ, ವಿಮಾನ ಟಿಕೆಟ್ ಕಚೇರಿ ನಡೆಸುವ ನಾನು ಒಂದೇ ದಿನದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿಯಷ್ಟು ಕೈಬಿಟ್ಟಿದ್ದೇನೆ. ಜನವರಿಯಲ್ಲಿ ಟೋಕಿಯೊದಿಂದ ಮರಳುವ ಕುಟುಂಬವೊಂದಕ್ಕೆ, ದರ ಏರುವ ಮೊದಲೇ ಎಂದು, ಬೆಂಗಳೂರಿನಿಂದ ಮಂಗಳೂರಿಗೆ ಬೇರೆ ಟಿಕೆಟ್ ತೆಗೆದಿಟ್ಟಿದ್ದೆ. ಎಂಟೂವರೆ ಗಂಟೆ ಎಂದು ನಾನು ಲೆಕ್ಕ ಹಾಕಿದ್ದ ಹಾರಾಟ ಹತ್ತು ಗಂಟೆ ಹಿಡಿಯಿತು. ಮಂಗಳೂರಿನ ವಿಮಾನ ಹೊರಟುಹೋಗಿತ್ತು. ನಾಲ್ಕು ಹೊಸ ಟಿಕೆಟ್‌ಗಳ ಹಣವನ್ನು ನಾನೇ ಕೊಟ್ಟೆ.

ಆಮೇಲೆ ಒಂಬೈನೂರು ರೂಪಾಯಿ ಕೊಟ್ಟು 30 ಸೆಂಟಿಮೀಟರ್ ವ್ಯಾಸದ ಗ್ಲೋಬ್ ತಂದೆ. ಹೂ ಕಟ್ಟುವ ದಾರವನ್ನು ಬೆಂಗಳೂರಿನಿಂದ ಟೋಕಿಯೊಗೆ ಬಿಗಿಯಾಗಿ ಎಳೆದರೆ ಹದಿನಾರು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ, ಅಂದರೆ 6,700 ಕಿಲೋಮೀಟರ್. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಅದರ ನಡುಬಿಂದು ಚೀನಾದ ಗ್ವಾಂಗ್ಶಿಯಲ್ಲಿ ಬೀಳುತ್ತದೆ. ಗ್ಲೋಬಿನ ಮೇಲಿನ ದಾರ, ಅಂದರೆ ನಿಜವಾದ ಅತಿ ಹತ್ತಿರದ ದಾರಿ, ಉತ್ತರಕ್ಕೆ ಬಾಗಿ ಚೋಂಗ್‌ಚಿಂಗ್ ನಗರದ ಹತ್ತಿರ ಹಾಯುತ್ತದೆ. ಕಚೇರಿಯ ಪಾಲುದಾರರು “ದಾರದಲ್ಲಿ ಆಕಾಶ ಅಳೆಯುತ್ತೀರಾ?” ಎಂದು ತಲೆಯಾಡಿಸಿದರು.

ಈಗ ಕಿಲೋಮೀಟರನ್ನು ವಿಮಾನದ ಗಂಟೆಯ ವೇಗವೆಂದು ಹಿಡಿದ 850ರಿಂದ ಭಾಗಿಸಿ, ಮೇಲೇರಲು ಮತ್ತು ಕೆಳಗಿಳಿಯಲು ಅರ್ಧ ಗಂಟೆ ಕೂಡುತ್ತೇನೆ. ಟೋಕಿಯೊಗೆ ಎಂಟು ಗಂಟೆ ಇಪ್ಪತ್ತೈದು ನಿಮಿಷ ಬರುತ್ತದೆ. ಇದು ಗಾಳಿಯಿಲ್ಲದ ಲೆಕ್ಕ, ನಾನು ಮೋಸಹೋದದ್ದು ಇಲ್ಲಿಯೇ. ಚಳಿಗಾಲದಲ್ಲಿ ಜಪಾನಿನ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ಗಾಳಿ ಓಡುತ್ತದೆ. ಪರೀಕ್ಷಿಸಲೆಂದೇ ಒಂದು ಫೆಬ್ರುವರಿಯಲ್ಲಿ ನಾನೇ ಹೋಗಿ ಬಂದೆ. ಮುಂದಿನ ಆಸನದ ಪರದೆಯಲ್ಲಿ ಹೋಗುವಾಗ ವೇಗ 1,100 ದಾಟಿತ್ತು. ಮರಳುವಾಗ ಜಪಾನಿನ ತೀರ ಬಿಟ್ಟ ಮೇಲೂ ಬಹಳ ಹೊತ್ತು 650ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಬೇಸಿಗೆಯಲ್ಲಿ ಆ ಗಾಳಿ ಉತ್ತರಕ್ಕೆ ಸರಿದು ಸೊರಗುವುದರಿಂದ ಹೋಗಿ ಬರುವ ವ್ಯತ್ಯಾಸವೂ ಇಳಿಯುತ್ತದೆ. ಯಾವ ತಿಂಗಳಿಗೆ ಎಷ್ಟು ನಿಮಿಷ ಕೂಡಬೇಕು, ಎಷ್ಟು ಕಳೆಯಬೇಕು ಎಂಬ ಪಟ್ಟಿ ಮೂರು ವರ್ಷದ ದುಡಿಮೆ. ಅದು ನನ್ನ ಡೈರಿಯಲ್ಲೇ ಇರಲಿ.

ಹೋಲಿಕೆಗೆಂದು ಸಿಂಗಪುರವನ್ನೂ ಅಳೆದೆ: 3,180 ಕಿಲೋಮೀಟರ್, ನಾಲ್ಕೂಕಾಲು ಗಂಟೆ. ಸಮಭಾಜಕದ ಹತ್ತಿರ ಆ ಗಾಳಿಯ ಕಾಟವಿಲ್ಲ. ಹೋಗುವುದು, ಬರುವುದು ಹೆಚ್ಚುಕಡಿಮೆ ಒಂದೇ. ಸಿಂಗಪುರದ ಮೂಲಕ ಟೋಕಿಯೊಗೆ ಹೋದರೆ ಒಟ್ಟು 8,500 ಕಿಲೋಮೀಟರ್ ಆಗುತ್ತದೆ. ಟಿಕೆಟ್ ಅಗ್ಗವಾದರೂ ವಯಸ್ಸಾದವರಿಗೆ ನಾನು ಆ ದಾರಿ ಹೇಳುವುದಿಲ್ಲ.

ಗಡಿಯಾರದ ಮೂರೂವರೆ ಗಂಟೆ ಅಂತರವನ್ನು ಗ್ರಾಹಕರಿಗೆ ಮೊದಲೇ ಬಿಡಿಸಿ ಹೇಳಿ. ಹತ್ತು ಗಂಟೆ ಕುಳಿತು ಬಂದರೂ ಇಲ್ಲಿನ ಗಡಿಯಾರ ಆರೂವರೆ ಗಂಟೆಯ ಪ್ರಯಾಣದಂತೆ ತೋರಿಸುತ್ತದೆ.

ಕಳೆದ ಜನವರಿಯಲ್ಲಿ ಇಬ್ಬರು ಎಂಜಿನಿಯರ್‌ಗಳ ಮರುಪ್ರಯಾಣಕ್ಕೆ ಒಂಬತ್ತು ಗಂಟೆ ಐವತ್ತು ನಿಮಿಷ ಎಂದು ಬರೆದುಕೊಟ್ಟಿದ್ದೆ. ವಿಮಾನ ಎಂಟು ನಿಮಿಷ ಮೊದಲೇ ಇಳಿಯಿತು. ಪಾಲುದಾರರು ಮರುದಿನ ತಾವೇ ದಾರ ಹಿಡಿದು ದಕ್ಷಿಣ ಕೊರಿಯಾದ ಸೋಲ್ ನಗರದ ದೂರ ಅಳೆದರು: ಹದಿಮೂರು ಸೆಂಟಿಮೀಟರ್, 5,500 ಕಿಲೋಮೀಟರ್. ಅದರ ಗಾಳಿಯ ಲೆಕ್ಕ ಈ ಚಳಿಗಾಲಕ್ಕೆ ಶುರುವಾಗುತ್ತದೆ.